ತೂಕದ ಜಾಗದಲ್ಲಿ ಕೇಳಿದ ಪ್ರಶ್ನೆ

"ಲೈನಿನ ಹೆಂಗಸರು ಕೂತ್ಕೊಂಡು ತಮ್ಮ ತಪ್ಪು ತಾವೇ ಹೇಳ್ಕೊಳ್ಳೋದಾ? ಅದು ಆಗೋ ಹೋಗೋ ಮಾತಲ್ಲ ಬಿಡಮ್ಮ" ನನ್ನ ತರಬೇತಿಯ ಮಾತು ಕೇಳಿ ಹೀಗೆಂದವರು ಪಾಲಿಬೆಟ್ಟದ ನಮ್ಮ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಇಂದು ಬೆಳಿಗ್ಗೆ ಬಸ್ಸಿನಲ್ಲಿ ಯಾರೋ ಒದ್ದೆ ಕಾಫಿ ಚೀಲವನ್ನು ನನ್ನ ಕಾಲ ಬಳಿ ಇಟ್ಟರು. ಆ ವಾಸನೆಗೆ ಅವರ ಮಾತು ನೆನಪಾಯಿತು. ಅವರು ಕೆಟ್ಟವರೇನಲ್ಲ, ಕೂಲಿಯವರು ಯೋಚಿಸುವುದನ್ನು ನೋಡಿ ಅಭ್ಯಾಸವಿರಲಿಲ್ಲ, ಅಷ್ಟೆ.

ನಾನು ಆ ಲೈನಿನಲ್ಲೇ, ಕೂಲಿಯವರ ಸಾಲುಮನೆಯಲ್ಲೇ ಹುಟ್ಟಿದವಳು, ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು. ಇದನ್ನು ಬೇಡದ ಕಡೆಯೂ ಹೇಳುತ್ತಿರುತ್ತೇನೆ, ನೀವು ಸಹಿಸಿಕೊಳ್ಳಬೇಕು. ರಜೆಯಲ್ಲೆಲ್ಲ ಹಣ್ಣು ಕುಯ್ದು ಓದಿದ ಡಿಗ್ರಿ ಅದು. ಅದರಿಂದಲೇ ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಡುವ ಕೆಲಸ ಸಿಕ್ಕಿತು. ಇವರು ಡಾಕ್ಟರಲ್ಲ, ನರ್ಸಲ್ಲ. ಸ್ವಲ್ಪ ಕಲಿತು ಬಸುರಿ ಬಾಣಂತಿಯರನ್ನು ವಿಚಾರಿಸಿಕೊಳ್ಳುವ ಲೈನಿನವರೇ. ವಾರಕ್ಕೊಮ್ಮೆ ಕೂತು, ಹೋದ ಮನೆಯಲ್ಲಿ ಏನಾಯಿತು, ಯಾಕಾಯಿತು, ಇನ್ನೊಮ್ಮೆ ಏನು ಮಾಡುತ್ತೇನೆ ಎಂದು ಹೇಳಿಕೊಳ್ಳಬೇಕು. ಪಾಠ ಇಷ್ಟೇ. ನಾನು ಬಣ್ಣದ ಚಾರ್ಟು ಬೇರೆ ಬರೆದು ತಂದಿದ್ದೆ. ಮೊದಲ ವಾರ ಎಲ್ಲರೂ "ಎಲ್ಲ ಚೆನ್ನಾಗಿದೆ ಮೇಡಂ" ಎಂದರು. ಮುಂದಿನ ವಾರ ಅದನ್ನೇ ಇನ್ನೂ ಜೋರಾಗಿ ಅಂದರು. ಚಾರ್ಟಿನ ಮೇಲೆ ಯಾರೋ ಟೀ ಲೋಟ ಇಟ್ಟಿದ್ದರು.

ಅವರಲ್ಲಿ ಒಬ್ಬಳು ಅವ್ವನ ತಂಗಿ, ನನ್ನ ಚಿಕ್ಕವ್ವ. ಅವಳೂ ತುಟಿ ಕೊಂಕಿಸಿ ಮೇಡಂ ಎನ್ನುತ್ತಿದ್ದಳು. ಅವಳ ಪಾಲಿನ ಮನೆಗಳಲ್ಲಿ ಸೆಲ್ವಿ ಎಂಬ ಬಸುರಿ ಇದ್ದಕ್ಕಿದ್ದಂತೆ ಬಾಗಿಲು ತೆಗೆಯುವುದನ್ನೇ ಬಿಟ್ಟಳು. ನಲ್ಲಿಯ ಹತ್ತಿರ ಕಂಡವರು ಅವಳ ಕಾಲು ಊದಿದೆ ಎನ್ನುತ್ತಿದ್ದರು. ಬಿ.ಪಿ. ನೋಡಲೇಬೇಕಿತ್ತು, ತಡವಾದರೆ ತಾಯಿಗೂ ಮಗುವಿಗೂ ಅಪಾಯ. ಚಿಕ್ಕವ್ವ ಹೋದರೆ ಒಳಗಿಂದ ಚಿಲಕ. "ಕೊಬ್ಬು ಅವಳಿಗೆ" ಎಂದು ಗುಂಪಿನಲ್ಲಿ ತೀರ್ಪು ಕೊಟ್ಟಳು.

ನಾನು ಚಾರ್ಟು ಮಡಚಿಟ್ಟು, ಸೆಲ್ವಿ ಕೊನೆಗೆ ಮಾತಾಡಿದ್ದು ಎಲ್ಲಿ ಎಂದು ಕೇಳಿದೆ. ತೂಕದ ಜಾಗದಲ್ಲಿ ಎಂದಳು. ಹಣ್ಣು ಕುಯ್ಯುವ ಪಿಕಿಂಗ್ ಕಾಲದಲ್ಲಿ ಸಂಜೆ ಎಲ್ಲರೂ ಹಣ್ಣಿನ ಚೀಲ ಹೊತ್ತು ಅಲ್ಲಿಗೇ ಬರುತ್ತಾರೆ. ಮನೆ ಮನೆ ಹತ್ತಿಳಿಯುವುದು ತಪ್ಪಲಿ ಎಂದು ನಮ್ಮವರು ಅಲ್ಲೇ ವಿಚಾರಿಸಿ ಮುಗಿಸುವುದು ರೂಢಿ.

"ಬಸುರಿ ಮಾತ್ರೆ ನುಂಗಿದ್ಯೇನೇ ಅಂದೆ. ಇನ್ನೇನು ಕೇಳ್ಲಿ?"

ಪಕ್ಕದಲ್ಲಿ ಯಾರಿದ್ದರು ಎಂದೆ. "ರೈಟರಿದ್ರು. ತೂಕ ಬರ್ಕೊಳ್ತಿದ್ರು."

ಅಲ್ಲಿದ್ದವರಿಗೆಲ್ಲ ಗೊತ್ತು: ಬಸುರಿ ಎಂದು ತಿಳಿದರೆ ರೈಟರ್ ಪಿಕಿಂಗಿನಿಂದ ಬಿಡಿಸಿ ಸಸಿ ಬೆಳೆಸುವ ನರ್ಸರಿಗೆ ಹಾಕುತ್ತಾರೆ. ಒಳ್ಳೆಯದಕ್ಕೇ, ಆದರೆ ತೂಕದ ಮೇಲೆ ಸಿಗುವ ಹೆಚ್ಚಿನ ಕೂಲಿ ಅಲ್ಲಿಲ್ಲ. ಅದಕ್ಕೇ ಸೆಲ್ವಿ ಸೀರೆಯ ಮೇಲೆ ಗಂಡನ ದೊಗಳೆ ಶರ್ಟು ತೊಟ್ಟು ಹೊಟ್ಟೆ ಮುಚ್ಚಿಕೊಂಡಿದ್ದಳು. ಚಿಕ್ಕವ್ವ ಹಾಗೆ ಕೇಳಿದ ಮರುದಿನವೇ ಅವಳು ನರ್ಸರಿಯಲ್ಲಿ ಕೂತು ಸಸಿಯ ಚೀಲಕ್ಕೆ ಮಣ್ಣು ತುಂಬುತ್ತಿದ್ದಳು.

"ಅವಳು ಮುಚ್ಚಿಟ್ಕೊಂಡಿದ್ದನ್ನ ನಾನು ಕೂಗಿ ಹೇಳ್ಬಿಟ್ಟೆ ಕಣೇ" ಎಂದಳು ಚಿಕ್ಕವ್ವ. ಮೇಡಂ ಎನ್ನುವುದು ಮರೆತೇಹೋಗಿತ್ತು. ಮೂಲೆಯಲ್ಲಿ ಕೂತವಳೊಬ್ಬಳು, ನಾನೂ ಅಲ್ಲೇ ಕೇಳೋದು ಎಂದು ಮೆಲ್ಲಗೆ ಹೇಳಿದಳು. ಆಮೇಲೆ ಇನ್ನೊಬ್ಬಳು. ನಮ್ಮ ಪಾಠ ಶುರುವಾದದ್ದು ಆ ದಿನ.

ಮರುದಿನ ಚಿಕ್ಕವ್ವ ಮಾತ್ರೆಯ ಚೀಲ ಬಿಟ್ಟು ಬರಿಗೈಯಲ್ಲಿ ಸೆಲ್ವಿಯ ಮನೆಗೆ ಹೋದಳಂತೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ತಪ್ಪು ನನ್ನದು, ಇನ್ನು ನಿನ್ನ ವಿಷಯ ನಿನ್ನ ಮನೆಯೊಳಗೇ ಕೇಳುತ್ತೇನೆ ಎಂದು ಮುಚ್ಚಿದ ಬಾಗಿಲಿಗೇ ಹೇಳಿದಳಂತೆ. ಬಹಳ ಹೊತ್ತಿನ ಮೇಲೆ ಒಳಗಿಂದ ಮಾತು ಬಂತು: "ಇನ್ನು ಮುಚ್ಚೋಕೆ ಏನು ಉಳ್ದಿದೆ ಅಕ್ಕಾ, ಒಳಗೆ ಬಾ."

ಆಮೇಲೆ ಮಿಷನ್ ತಂದು ನೋಡಿದರೆ ಬಿ.ಪಿ. ಹೆಚ್ಚಿತ್ತು. ಜೀಪು ಮಾಡಿಕೊಂಡು ಆಸ್ಪತ್ರೆಗೆ ಹೋದರು. ಅಲ್ಲಿಂದ ಹೆರಿಗೆಯವರೆಗೂ ಚಿಕ್ಕವ್ವ ಅವಳ ಬೆನ್ನು ಬಿಡಲಿಲ್ಲ. ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ. ಈಗ ನಮ್ಮವರು ಯಾರೂ ತೂಕದ ಜಾಗದಲ್ಲಿ ಯಾರ ಮೈಯ ಸುದ್ದಿಯನ್ನೂ ಕೇಳುವುದಿಲ್ಲ, ಮನೆ ಮನೆ ಹತ್ತಿಳಿಯುತ್ತಾರೆ.

ಇಂದು ಬಸ್ಸಿಳಿದು ನಾನು ಹೋದದ್ದು ಇವರಿಗೆ ಪ್ರಮಾಣಪತ್ರ ಕೊಡುವ ಸಭೆಗೆ. ಡಾಕ್ಟರು ಹೆಸರು ಕರೆದಾಗ ಚಿಕ್ಕವ್ವ ಸೆರಗಿಗೆ ಕೈ ಒರೆಸಿಕೊಂಡು ಹೋಗಿ, ಎರಡೂ ಕೈಯಲ್ಲಿ ತೆಗೆದುಕೊಂಡಳು. ನನ್ನ ಪಕ್ಕದಲ್ಲಿದ್ದ ಅವ್ವ ಚಪ್ಪಾಳೆ ನಿಲ್ಲಿಸಲೇ ಇಲ್ಲ. ಸಾಕು ಎಂದು ನಾನು ಕೈ ಹಿಡಿದೆ. ಅವಳು ಬಿಡಿಸಿಕೊಂಡಳು.

"ನಿನ್ನ ಡಿಗ್ರಿ ದಿನ ನಂಗೇನೂ ಅರ್ಥ ಆಗ್ಲಿಲ್ಲ ಮಗಾ, ಎಲ್ಲರೂ ತಟ್ಟಿದ್ರು ಅಂತ ತಟ್ಟಿದೆ. ಇವತ್ತು ಯಾಕೆ ತಟ್ತಿದೀನಿ ಅಂತ ಗೊತ್ತು."