ಮಳೆಯಲ್ಲಿ ಮಡಚಿದ ಕೊಡೆ

ನಮ್ಮ ಪ್ರಾಣಿಶಾಸ್ತ್ರದ ಮೇಡಂ ಕೂತಲ್ಲಿ ಕೂರುವವರಲ್ಲ. ಕೂತರೂ ಮೇಜಿನ ಕೆಳಗೆ ಅವರ ಬಲಗಾಲು ಕುಣಿಯುತ್ತಲೇ ಇರುತ್ತಿತ್ತು. ಅಕ್ಕಿಕಾಳಿಗಿಂತ ಚಿಕ್ಕದಾದ, ಮೈಗಿಂತ ಮೀಸೆಯೇ ಉದ್ದವಾದ ಜೀರುಂಡೆಗಳ ಜಾತಿ ಗುರುತಿಸುವುದು ಅವರ ಹುಚ್ಚು. ನಾವು ಮೊಬೈಲಿನಲ್ಲಿ ಫೋಟೊ ಹಿಗ್ಗಿಸಿ ನೋಡಿ, "ಎಲ್ಲಾ ಒಂದೇ ಮೇಡಂ" ಎಂದರೆ, "ತಡಿ, ಬೇರೆ ಇರ್ಬೋದು" ಅನ್ನುತ್ತಿದ್ದರು.

ಒಂದು ಸಂಜೆ ನನ್ನನ್ನೂ ಕರೆದುಕೊಂಡು ದೊಡ್ಡಬೆಳವಂಗಲದ ಹತ್ತಿರ ಹೋಗಿ, ಜಾಲಿಮರದ ಕೆಳಗೆ ಕೊಡೆಯನ್ನು ತಲೆಕೆಳಗಾಗಿ ಹಿಡಿದು ಒಣಕೊಂಬೆಗೆ ಕೋಲಿನಿಂದ ಬಡಿಯುತ್ತಿದ್ದರು. ಕೊಡೆಯೊಳಗೆ ಉದುರಿದ ಪುಡಿಯಲ್ಲಿ ಒಂದು ಜೀರುಂಡೆ ಮೀಸೆ ಆಡಿಸಿತು. ಅದರ ಬೆನ್ನ ಮೇಲೆ ಅವರು ಎಂದೂ ಕಾಣದ ಬಿಳಿ ಪಟ್ಟೆ. ಅಷ್ಟರಲ್ಲಿ ಮಳೆ ಬಂತು. ಮೇಡಂ ಗಬಕ್ಕನೆ ಕೊಡೆ ಮಡಚಿಬಿಟ್ಟರು.

"ಕೊಡೆ ಕೈಯಲ್ಲಿಟ್ಕೊಂಡು ನೆನೀತಿದ್ದೀರಲ್ಲಮ್ಮ!" ಎಂದು ಹೊಲದಿಂದ ಬರುತ್ತಿದ್ದ ಹೆಂಗಸೊಬ್ಬಳು ತನ್ನ ಗೋಣಿಚೀಲದ ಕೊಪ್ಪೆ ತೆಗೆದು ಅವರ ತಲೆಗೆ ಹಾಕಿದಳು. ಮೇಡಂ ಅದನ್ನು ತೆಗೆದು ಕೊಡೆಗೆ ಹೊದಿಸಿದರು.

"ಅಯ್ಯೋ, ಇವ್ರಿಗೇನಾಯ್ತಪ್ಪಾ?" ಎಂದು ಅವಳು ನನ್ನ ಮುಖ ನೋಡಿದಳು.

ಮರುದಿನ ಲ್ಯಾಬಿನಲ್ಲಿ ಸೀನುತ್ತಲೇ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಮೀಸೆಯ ಗೆಣ್ಣು ಎಣಿಸಿದರು. ಹಳೆಯ ಜೀರುಂಡೆಗಳನ್ನು ಪಕ್ಕದಲ್ಲಿಟ್ಟು ಹೋಲಿಸಿದರು. ಮತ್ತೆ ಎಣಿಸಿದರು. ಕೊನೆಗೆ ತಟಕ್ಕನೆ ಎದ್ದು ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು.

"ನೀನು ನೋಡು. ಪಟ್ಟೆ ನಿಜವಾಗ್ಲೂ ಇದ್ಯಾ, ಇಲ್ಲ ಪುಡಿ ಅಂಟ್ಕೊಂಡಿದ್ಯಾ? ನಂಗೆ ಬೇರೆ ಅಂತ್ಲೇ ಕಾಣುತ್ತೆ. ನನ್ನ ಕಣ್ಣಿನ ಮೇಲೆ ನಂಗೇ ನಂಬಿಕೆ ಇಲ್ಲ."

ನೋಡಿದೆ. ಹಳೆಯ ಜೀರುಂಡೆಗಳ ಜೊತೆ ಹೋಲಿಸಿ ಮತ್ತೆ ನೋಡಿದೆ. ಮೇಜಿನ ಕೆಳಗೆ ನನ್ನ ಕಾಲು ಕುಣಿಯತೊಡಗಿತ್ತು.