ಮಾವ ‘ಬಿಗಿ ಮಾಡು’ ಅಂದಾಗ

ಮದುವೆಯಾಗಿ ಬಾದಾಮಿಯಿಂದ ಇಳಕಲ್ಲಿಗೆ ಬಂದ ಮೇಲೆ ಮೂರು ವರ್ಷ ನಾನು ಮಾವನ ಜೊತೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಜಗಳವೇನೂ ಇರಲಿಲ್ಲ. ಅವರು ಪಡಸಾಲೆಗೆ ಬಂದರೆ ನಾನು ಸೆರಗು ಎಳೆದುಕೊಂಡು ಒಳಗೆ ಹೋಗುತ್ತಿದ್ದೆ. ಹೇಳುವುದಿದ್ದರೆ ಅತ್ತೆಗೆ ಹೇಳುತ್ತಿದ್ದೆ, ಅತ್ತೆ ಅವರಿಗೆ ಮುಟ್ಟಿಸುತ್ತಿದ್ದರು. ಎಪ್ಪತ್ತರ ದಶಕದ ಕೊನೆ ಅದು. ನಮ್ಮ ಓಣಿಯ ಎಲ್ಲ ಮನೆಗಳಲ್ಲೂ ಹಾಗೇ ನಡೆಯುತ್ತಿತ್ತು.

ಮಾವ ಊರ ಹೊರಗಿನ ಕೆಂಪು ಕಲ್ಲಿನ ಕ್ವಾರಿಯಲ್ಲಿ ದುಡಿದವರು. ಬಂಡೆಗೆ ತೂತು ಕೊರೆಯುವವರ ಮೇಲೆ ಮೇಸ್ತ್ರಿಯಾಗಿದ್ದರು. ಕೆಲಸ ಬಿಡುವಾಗ ಮಾಲೀಕರ ಹಳೇ ಕಪ್ಪು ಕಾರನ್ನು ಕೊಂಡು ತಂದು ಹಿತ್ತಲಿನ ತಗಡಿನ ಚಪ್ಪರದಲ್ಲಿ ನಿಲ್ಲಿಸಿದರು. ಹುನಗುಂದಕ್ಕಾಗಲಿ, ಕೂಡಲಸಂಗಮಕ್ಕಾಗಲಿ, ನೆಂಟರ ಮದುವೆಗಾಗಲಿ ಅವರೇ ಓಡಿಸಬೇಕು, ಮಗನ ಕೈಗೂ ಕೊಡುತ್ತಿರಲಿಲ್ಲ. ಒಂದು ಬೆಳಿಗ್ಗೆ ಬಚ್ಚಲಲ್ಲಿ ಬಿದ್ದರು. ಲಕ್ವಾ ಹೊಡೆದಿತ್ತು. ಬಲಗೈ ಸತ್ತಂತಾಯಿತು, ಕಾಲು ಎಳೆಯತೊಡಗಿತು, ಮಾತು ಕಲಸಿಹೋಯಿತು. ಉಪ್ಪು ಬೇಕಾದರೆ ಸುಣ್ಣ ಅನ್ನುತ್ತಿದ್ದರು, ‘ಬಾ’ ಅನ್ನಬೇಕಾದಲ್ಲಿ ‘ಹೋಗು’ ಅನ್ನುತ್ತಿದ್ದರು. ಬರಬರುತ್ತ ಏನನ್ನೂ ಕೇಳುವುದನ್ನೇ ಬಿಟ್ಟರು.

ಕಾರು ಒಂದೂವರೆ ವರ್ಷ ನಿಂತೇ ಇತ್ತು. ಹುನಗುಂದದ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದ ನನ್ನ ಗಂಡ ಅದನ್ನು ಮತ್ತೆ ನಡೆಸೋಣವೆಂದು ಒಬ್ಬ ಮೆಕ್ಯಾನಿಕ್ಕನ್ನು ಕರೆತಂದರು. ಎಂಜಿನ್ನಿನ ನಾಲ್ಕು ಪ್ಲಗ್ಗುಗಳಲ್ಲಿ ಮೂರು ಬಿಚ್ಚಿ ಬಂದವು. ಕಡೆಯದು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ನಟ್ಟು ಬಿಚ್ಚುವ ಪಾನಾಕ್ಕೆ ಪೈಪು ಸಿಗಿಸಿ ಜಗ್ಗಿದರೂ ಕದಲಲಿಲ್ಲ.

“ಇನ್ನ ಜಗ್ಗಿದ್ರ ಒಳಗ ಮುರೀತೈತ್ರಿ. ಎಂಜಿನ್ನಿನ ತಲಿನೇ ಇಳಿಸಿ ಬಾಗಲಕೋಟಿಗೆ ಒಯ್ಯಬೇಕು” ಎಂದ ಮೆಕ್ಯಾನಿಕ್, ಮೂರು ಪ್ಲಗ್ಗು ತಿಕ್ಕಿ ಮರಳಿ ಕೂಡಿಸಿ ಹೋದ. ಮಾವ ಹಿತ್ತಲ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದರು. ಅವರನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಮರುದಿನ ಮಧ್ಯಾಹ್ನ ಒಣಹಾಕಿದ ಶ್ಯಾವಿಗೆ ತೆಗೆಯಲು ಹಿತ್ತಲಿಗೆ ಹೋದೆ. ಮೆಕ್ಯಾನಿಕ್ ತೆರೆದೇ ಬಿಟ್ಟುಹೋಗಿದ್ದ ಬಾನೆಟ್ಟಿನ ಕೆಳಗೆ ಮಾವ ಬಾಗಿ ಎಡಗೈಯಲ್ಲಿ ಪಾನಾ ತಿರುವುತ್ತಿದ್ದರು. ನಾನು ನೋಡನೋಡುತ್ತಿದ್ದಂತೆ ಅದು ಜಾರಿತು, ಬೆರಳ ಗೆಣ್ಣುಗಳು ಕಬ್ಬಿಣಕ್ಕೆ ಬಡಿದು ರಕ್ತ ಬಂತು. ಅತ್ತೆ ಹಿಟ್ಟಿನ ಗಿರಣಿಗೆ ಹೋಗಿದ್ದರು. ನಾನು ಓಡಿಹೋಗಿ ಮಾವನ ಕೈಯನ್ನು ಸೆರಗಿನಿಂದ ಒತ್ತಿ ಹಿಡಿದೆ. ಮಾತು ತಾನಾಗಿಯೇ ಬಾಯಿಗೆ ಬಂತು.

“ಮಾವಾರ, ನನ್ನ ಕೈಯಾಗ ಕೊಡ್ರಿ. ನೀವು ಹೇಳ್ರಿ, ನಾ ಮಾಡ್ತೇನಿ.”

ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ, “ಎಣ್ಣಿ” ಎಂದರು.

ಶೇಂಗಾ ಎಣ್ಣೆ ತಂದೆ. ತಲೆಯಾಡಿಸಿದರು. ಹರಳೆಣ್ಣೆ ತಂದೆ. ಅದೂ ಅಲ್ಲ. ದೀಪಕ್ಕೆ ಹಾಕುವ ಚಿಮಣಿ ಎಣ್ಣೆಯ ಬಾಟಲಿ ತಂದಾಗ ಅವರ ಕಣ್ಣು ಅರಳಿತು. ನನ್ನ ಹೊಲಿಗೆ ಯಂತ್ರದ ಉದ್ದ ಮೂತಿಯ ಡಬ್ಬಿಗೆ ಅದನ್ನು ತುಂಬಿ, ಪ್ಲಗ್ಗಿನ ಬುಡಕ್ಕೆ ಹನಿ ಹನಿಯಾಗಿ ಬಿಟ್ಟೆ.

ಎಂಟು ದಿನ ಬೆಳಿಗ್ಗೆ ಸಂಜೆ ಇದೇ ಕೆಲಸ. ಮಾವ ಸ್ಟೂಲಿನ ಮೇಲೆ ಕೂತು, “ಹಾಕು”, “ಸಾಕು” ಅನ್ನುತ್ತಿದ್ದರು. ಅತ್ತೆ ಮೊದಲ ದಿನ, “ಮಂದಿ ನೋಡಿದ್ರ ಏನಂದಾರು?” ಎಂದು ಗೊಣಗಿದರು. ಆ ರಾತ್ರಿ ಮಾವ ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡದ್ದನ್ನು ಕಂಡ ಮೇಲೆ ಚಪ್ಪರದಲ್ಲಿ ತಾವೇ ನನಗೊಂದು ಮಣೆ ತಂದಿಟ್ಟರು.

ನಾಲ್ಕನೆಯ ದಿನವೋ ಏನೋ, ಮಾವ ಕ್ವಾರಿಯ ಸುದ್ದಿ ಹೇಳತೊಡಗಿದರು. ಕೊರೆಯುವ ಸರಳು ಬಂಡೆಯಲ್ಲಿ ಸಿಕ್ಕಿಬೀಳುತ್ತಿತ್ತಂತೆ. ಸಿಟ್ಟಿಗೆದ್ದು ಎಳೆದವರು ಮುರಿದುಕೊಳ್ಳುತ್ತಿದ್ದರಂತೆ. ಅರ್ಧ ಮಾತಲ್ಲಿ, ಅರ್ಧ ಕೈಸನ್ನೆಯಲ್ಲಿ ಹೇಳಿದರು. ಆಗ ನಾನು ಒಂದು ವಿಷಯ ಗಮನಿಸಿದೆ. ತಪ್ಪು ಶಬ್ದ ಬಾಯಿಂದ ಬಿದ್ದ ಕೂಡಲೇ ಅದು ಅವರಿಗೇ ತಿಳಿಯುತ್ತಿತ್ತು, ಮುಖ ಹಿಂಡಿದಂತಾಗುತ್ತಿತ್ತು. ನಾವು ಅಲ್ಲಿಯವರೆಗೆ ಅವರ ಮುಖ ನೋಡಿರಲೇ ಇಲ್ಲ.

ಭಾನುವಾರ ಗಂಡ ಹ್ಯಾಂಡಲ್ ಹೊಡೆದು ಹೊಡೆದು ಬೆವರಿಳಿದ ಮೇಲೆ ಎಂಜಿನ್ ಹೊತ್ತಿಕೊಂಡಿತು. ಮೂರೇ ಪ್ಲಗ್ಗಿನ ಮೇಲೆ ಇಡೀ ಕಾರು ಚಳಿಜ್ವರ ಬಂದವರಂತೆ ನಡುಗಿತು. ಕಬ್ಬಿಣ ಬಿಸಿಯಾದ ಮೇಲೆ ಮಾವ ಕೈಯೆತ್ತಿ ನಿಲ್ಲಿಸಿದರು. ನಾನು ಪಾನಾ ಹಚ್ಚಿದೆ.

“ಬಿಗಿ ಮಾಡು” ಎಂದರು ಮಾವ.

ನಾನು ನಿಂತುಬಿಟ್ಟೆ. ಗಂಡ ಪಕ್ಕದಿಂದ, “ಬಿಚ್ಚು ಅನ್ನಾಕ ಹೋಗಿ ಬಿಗಿ ಅಂದಾನ. ಅಪ್ಪನ ಮಾತು ಉಲ್ಟಾ ಆಗ್ತಾವಲ್ಲ. ನೀ ಬಿಚ್ಚು” ಎಂದರು.

ಮಾವ ಎಡಗೈಯಿಂದ ಮಡ್‌ಗಾರ್ಡಿಗೆ ಬಡಿದರು. “ಬಿಗಿ!”

ನಾನು ಅವರ ಮುಖ ನೋಡಿದೆ. ಅದು ಹಿಂಡಿರಲಿಲ್ಲ.

ಉಸಿರು ಬಿಗಿಹಿಡಿದು ಬಿಗಿಯ ಕಡೆಗೆ ಒತ್ತಿದೆ. “ಏ, ಮುರೀತೈತಿ!” ಎಂದು ಗಂಡ ಕೂಗುವುದಕ್ಕೂ ಒಳಗೆ ‘ಕಟ್’ ಎನ್ನುವುದಕ್ಕೂ ಸರಿಹೋಯಿತು. ಮುರಿದೇ ಹೋಯಿತೆಂದು ಪಾನಾದಿಂದ ಕೈ ತೆಗೆದುಬಿಟ್ಟೆ. ಮಾವ ನಗುತ್ತಿದ್ದರು, ಮುಖದ ಒಂದೇ ಬದಿಯಲ್ಲಿ.

“ತುಕ್ಕು... ಬಿಟ್ಟತು. ಈಗ ಬಿಚ್ಚು. ಸಾವಕಾಶ.”

ಎಳ್ಳಷ್ಟು ತಿರುಗಿತು. ಮತ್ತೆ ಬಿಗಿ, ಮತ್ತೆ ಎಣ್ಣೆ, ಮತ್ತೆ ಬಿಚ್ಚು. ಅರ್ಧ ತಾಸು ಹೀಗೇ ಆಡಿಸಿದ ಮೇಲೆ ಕಿರ್ರೆಂದು ಪೂರ್ತಿ ಹೊರಬಂತು. ಕರ್ರಗಿನ, ಬೆಚ್ಚಗಿನ ಆ ತುಂಡನ್ನು ಬಟ್ಟೆಯಲ್ಲಿ ಹಿಡಿದು ಮಾವನ ಎಡಗೈಗೆ ಕೊಟ್ಟೆ. ಅದನ್ನವರು ತಿರುಗಿಸಿ ತಿರುಗಿಸಿ ನೋಡಿದರು.

ಗಂಡ ಹ್ಯಾಂಡಲ್ಲನ್ನು ಕೆಳಗಿಟ್ಟರು. ಆಮೇಲೆ ಅಪ್ಪನ ಮುಂದೆ ಕುಕ್ಕರುಗಾಲಲ್ಲಿ ಕೂತು, “ಅಪ್ಪಾ, ಮುಂದ ಏನ್ ಮಾಡೂಣು?” ಎಂದರು. ಒಂದೂವರೆ ವರ್ಷದಲ್ಲಿ ಆ ಮನೆಯಲ್ಲಿ ಅವರನ್ನು ಯಾರಾದರೂ ಹಾಗೆ ಕೇಳಿದ್ದು ಅದೇ ಮೊದಲು.

ಬಲಗೈ ಮತ್ತೆ ಬರಲೇ ಇಲ್ಲ. ಮಾತು ಸುಧಾರಿಸಿತು, ಪೂರ್ತಿಯಾಗಿ ಅಲ್ಲ. ಆದರೆ ಅವರು ತಡವರಿಸಿದರೆ ನಾವು ಕಾಯುವುದನ್ನು ಕಲಿತೆವು. ಆ ಶ್ರಾವಣದಲ್ಲಿ ನಾಲ್ವರೂ ಅದೇ ಕಾರಿನಲ್ಲಿ ಬಾದಾಮಿಗೆ, ನನ್ನ ತವರಿಗೆ ಹೊರಟೆವು. ಗಂಡ ಓಡಿಸುತ್ತಿದ್ದರು, ಮಾವ ಪಕ್ಕದಲ್ಲಿ ಕೂತಿದ್ದರು. ಕಮತಗಿ ದಾಟುತ್ತಿದ್ದಂತೆ ಮಾವ “ನಿಲ್ಸು” ಎಂದರು. ಯಾಕೆಂದು ಕೇಳದೆ ಗಂಡ ನಿಲ್ಲಿಸಿದರು. ಬಾನೆಟ್ಟಿನ ಸಂದಿಯಿಂದ ಆಗಷ್ಟೇ ಹಬೆ ಏಳುತ್ತಿತ್ತು. ಎಂಜಿನ್ ಕಾದ ವಾಸನೆ ಅವರೊಬ್ಬರಿಗೇ ಬಡಿದಿತ್ತು.

ಬೇವಿನ ನೆರಳಲ್ಲಿ ಎಂಜಿನ್ ಆರಲು ಬಿಟ್ಟು ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ರೇಡಿಯೇಟರಿನ ಮುಚ್ಚಳವನ್ನು ಕೈ ಸುಡದಂತೆ ತೆರೆಯುವುದು ಹೇಗೆಂದು ಮಾವ ನನಗೆ ನಿಧಾನವಾಗಿ ಹೇಳಿದರು. ನಾನು ಹಾಗೆಯೇ ತೆರೆದು, ಜೊತೆಗೆ ತಂದಿದ್ದ ಕೊಡದಿಂದ ನೀರು ಸುರಿದೆ. ಬಾದಾಮಿ ಮುಟ್ಟಿದಾಗ ಊಟದ ಹೊತ್ತು ದಾಟಿತ್ತು. ನಮ್ಮಪ್ಪ ಮಾವನನ್ನು ಕಾರಿನಿಂದ ಇಳಿಸಿಕೊಳ್ಳಲು ಕೈ ಚಾಚಿದರು. ಮಾವ ಅದನ್ನು ಹಿಡಿದು, ಒಳಗೆ ಹೋಗುವ ಮೊದಲೇ, ದಾರಿಯಲ್ಲಿ ಏನಾಯಿತೆಂದು ಹೇಳಲು ಶುರುಮಾಡಿದರು.