ಸದಸ್ಯೆ ನಂಬರ್ ಇನ್ನೂರ ನಲವತ್ತೊಂದು

ಆ ವಸತಿ ಶಾಲೆಯಲ್ಲಿ ಇನ್ನೂರ ನಲವತ್ತು ಮಕ್ಕಳಿದ್ದರು, ಮೂವತ್ತೊಂದು ಸಂಘಗಳಿದ್ದವು, ಒಬ್ಬಳು ಸೂಜಿಯಕ್ಕ ಇದ್ದಳು. ಮಕ್ಕಳು ವರ್ಷಕ್ಕೊಮ್ಮೆ ಬದಲಾಗುತ್ತಿದ್ದರು, ಸಂಘಗಳು ತಿಂಗಳಿಗೊಮ್ಮೆ ಒಡೆದು ಎರಡಾಗುತ್ತಿದ್ದವು. ಸೂಜಿಯಕ್ಕ ಮಾತ್ರ ಇಪ್ಪತ್ತೆರಡು ವರ್ಷಗಳಿಂದ ಹಾಸ್ಟೆಲಿನ ಕೆಳಮಹಡಿಯಲ್ಲಿ, ಮೆಟ್ಟಿಲ ಪಕ್ಕದ ದುರಸ್ತಿ ಕೋಣೆಯಲ್ಲಿ, ಎಡಭುಜದ ಮೇಲಿಂದ ಬೆಳಕು ಬೀಳುವಂತೆ ಹೊಲಿಗೆ ಮಿಷನ್ನು ಇಟ್ಟುಕೊಂಡು ಕೂತಿದ್ದಳು. ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಗೊತ್ತಿತ್ತು, ಅಷ್ಟೆ.

ಕಿತ್ತ ಜೇಬು, ಉದುರಿದ ಗುಂಡಿ, ಸವೆದ ಮೊಣಕಾಲು, ಇವೆಲ್ಲ ಅವಳ ಪಾಲಿನವು. ಆದರೆ ಅವಳ ಮುಖ್ಯ ಕೆಲಸ ಬೇರೆ. ಹೊಸ ಮಗು ಶಾಲೆಗೆ ಸೇರಿದ ದಿನ ಅದರ ಟ್ರಂಕು ಮೊದಲು ಬರುತ್ತಿದ್ದದ್ದೇ ಇಲ್ಲಿಗೆ. ಅಂಗಿಯ ಕಾಲರಿನ ಒಳಗೆ, ಸೊಂಟಪಟ್ಟಿಯ ಒಳಗೆ, ಕಾಲುಚೀಲದ ಅಂಚಿಗೆ ಅವಳು ಕೆಂಪು ದಾರದಲ್ಲಿ ಒಂದು ನಂಬರು ಹೊಲಿಯುತ್ತಿದ್ದಳು. ಯಾವ ನಂಬರು ಎಂದು ಯಾರೂ ಅವಳಿಗೆ ಹೇಳುತ್ತಿರಲಿಲ್ಲ. ಅವಳು ಹೊಲಿದದ್ದೇ ನಂಬರು. ಸಂಜೆ ಆಫೀಸಿನವರು ಬಂದು, "ಯಾರಿಗೆ ಎಷ್ಟು ಹಾಕಿದ್ರಿ?" ಎಂದು ಕೇಳಿ ಬರೆದುಕೊಂಡು ಹೋಗುತ್ತಿದ್ದರು. ಆಮೇಲೆ ಆ ಮಗು ಆ ನಂಬರಿನಲ್ಲೇ ಬಟ್ಟೆ ಒಗೆಸಿಕೊಳ್ಳಬೇಕು, ಆ ನಂಬರಿನಲ್ಲೇ ಊಟದ ಸಾಲಿಗೆ ನಿಲ್ಲಬೇಕು, ಆ ನಂಬರಿನಲ್ಲೇ ಓಟು ಹಾಕಬೇಕು.

ಓಟು ಎಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಶಾಲೆಯಲ್ಲಿ ಒಂದು ವಿದ್ಯಾರ್ಥಿ ಪರಿಷತ್ತು ಇತ್ತು. ಮಹಡಿಗೆ ನಾಲ್ವರಂತೆ ಪ್ರತಿನಿಧಿಗಳು, ಅವರ ಮೇಲೊಬ್ಬ ಅಧ್ಯಕ್ಷ ಅಥವಾ ಅಧ್ಯಕ್ಷೆ. ಏಳು ಜನ ಸೇರಿ ನಿಯಮಾವಳಿ ಬರೆದು, ಒಬ್ಬ ಮೇಷ್ಟರ ಸಹಿ ಹಾಕಿಸಿಕೊಂಡರೆ ಒಂದು ಸಂಘ. ಹೀಗೆ ಚರ್ಚಾ ಸಂಘವಿತ್ತು, ಅಲ್ಲಿ ಮಾತಾಡಲು ಅವಕಾಶ ಸಿಗದೆ ಸಿಟ್ಟಾಗಿ ಹೊರಬಂದವರ ಸ್ವತಂತ್ರ ಚರ್ಚಾ ಸಂಘವಿತ್ತು, ಇಬ್ಬರನ್ನೂ ರಾಜಿ ಮಾಡಿಸಲು ಹುಟ್ಟಿದ ಸಮನ್ವಯ ಸಂಘವಿತ್ತು. ಮೂರನೆಯದು ಉಳಿದೆರಡರ ಜೊತೆಗೂ ಮಾತು ಬಿಟ್ಟಿತ್ತು.

ಪರಿಷತ್ತಿನ ಒಂಬತ್ತನೇ ನಿಯಮದ ಪ್ರಕಾರ ಯಾವ ಕೆಲಸವನ್ನೂ ಒಬ್ಬರಿಗೇ ವಹಿಸುವಂತಿರಲಿಲ್ಲ. ಉಪಸಮಿತಿ ಆಗಬೇಕು, ಅದರಲ್ಲಿ ಕನಿಷ್ಠ ಇಬ್ಬರಿರಬೇಕು. ಹಿಂದೊಮ್ಮೆ ಪರೀಕ್ಷಾ ಹಾಲ್‌ನ ಗಡಿಯಾರಕ್ಕೆ ಕೀ ಕೊಡುವ ಕೆಲಸವನ್ನು ಒಬ್ಬ ಹುಡುಗನಿಗೆ ವಹಿಸಿ, ಅವನು ಮರೆತು, ಪರೀಕ್ಷೆ ಅರ್ಧ ಗಂಟೆ ತಡವಾಗಿತ್ತು. ಆ ನಿಯಮ ಬಂದ ಮೇಲೆ ಇಬ್ಬರು ಮರೆಯತೊಡಗಿದರು.

ಇದ್ಯಾವುದಕ್ಕೂ ಸೂಜಿಯಕ್ಕನಿಗೂ ಸಂಬಂಧವಿರಲಿಲ್ಲ, ಒಂದು ದಿನ ಪ್ರಿನ್ಸಿಪಾಲರು ಕರೆಸುವವರೆಗೆ.

"ನೋಡಿಮ್ಮಾ, ಲಾಂಡ್ರಿಯವರು ಹೊಲಿಗೆ ಕೆಲಸಾನೂ ತಾವೇ ಮಾಡ್ತೀವಿ ಅಂತಿದಾರೆ. ನಿಮ್ಮ ಕೋಣೆಗೆ ಜೆರಾಕ್ಸ್ ಮಿಷನ್ ಬರುತ್ತೆ. ನೀವೇನೂ ಹೆದರ್ಬೇಡಿ, ಸಂಬಳಕ್ಕೆ ತೊಂದ್ರೆ ಇಲ್ಲ. ಊಟದ ಹಾಲ್‌ನಲ್ಲಿ ತಟ್ಟೆ ಒರೆಸಿ ಜೋಡಿಸೋಕೆ ಒಬ್ರು ಬೇಕಂತೆ."

ಸೂಜಿಯಕ್ಕ ಹೊರಗೆ ಬಂದಳು. ಸಂಬಳ ಅಷ್ಟೇ ಇರುತ್ತದೆ, ನಿಜ. ಆದರೆ ಅವಳಿಗೆ ಬೇಕಾಗಿದ್ದದ್ದು ಆ ಮಿಷನ್ನು, ಆ ಕಿಟಕಿ, ಗುಂಡಿ ತುಂಬಿದ ಆ ಒಂಬತ್ತು ಡಬ್ಬಿಗಳು. ಇಪ್ಪತ್ತೆರಡು ವರ್ಷಗಳಲ್ಲಿ ತನಗೆ ಬಂದ ಕೆಲಸ ಅದೊಂದೇ, ಅದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅದನ್ನು ಬಿಟ್ಟರೆ ತಾನು ಯಾರು ಎಂಬುದು ಮಾತ್ರ ಅವಳಿಗೆ ಗೊತ್ತಿರಲಿಲ್ಲ.

ಅವಳ ಮನೆ ಬಸ್ ಡಿಪೋ ಹಿಂದಿನ ಬೀದಿಯಲ್ಲಿ. ಎರಡು ಕೋಣೆ, ಒಂದು ಒಲೆ, ಒಬ್ಬ ತಂಗಿ. ತಂಗಿ ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ಕೂರುವವಳು. ದಿನವಿಡೀ ಕಿಟಕಿಯಾಚೆ ನಿಂತವರ ಗೋಳು ಕೇಳಿ ಕೇಳಿ ಯಾರ ಗೋಳಿಗೂ ಸುಲಭಕ್ಕೆ ಕರಗುತ್ತಿರಲಿಲ್ಲ.

"ತಟ್ಟೆ ಒರೆಸಿದ್ರೆ ಕೈ ಸವೆದು ಹೋಗುತ್ತಾ? ಕಣ್ಣಿಗಾದ್ರೂ ರೆಸ್ಟ್ ಸಿಗುತ್ತೆ. ಸುಮ್ನೆ ಹೋಗಕ್ಕ," ಎಂದಳು. ಅಕ್ಕನ ಮುಖ ನೋಡಿ, ಕೇಳದೆಯೇ ಒಂದು ಲೋಟ ಬಿಸಿ ಚಹಾ ತಂದು ಮುಂದಿಟ್ಟಳು. ತಂಗಿ ಕರಗಿದ್ದಳು.

ಸುದ್ದಿ ಪರಿಷತ್ತಿನ ಅಧ್ಯಕ್ಷೆಗೆ ಮುಟ್ಟಿತು. ಅಧ್ಯಕ್ಷೆ ಎಂದರೆ ನೂರ ಹದಿನೆಂಟು. ಹತ್ತನೇ ಕ್ಲಾಸಿನ ಚೂಟಿ ಹುಡುಗಿ, ನಿಯಮದ ಪುಸ್ತಕವನ್ನು ಬಾಯಿಪಾಠ ಮಾಡಿದ್ದವಳು. ಐದನೇ ಕ್ಲಾಸಿನಲ್ಲಿ ಮನೆ ನೆನಪಾಗಿ ಇದೇ ಕೋಣೆಯ ಮೂಲೆಯಲ್ಲಿ ಮೂರು ದಿನ ಅತ್ತಿದ್ದವಳು. ಅವಳು ಓಡೋಡಿ ಬಂದು ಸೂಜಿಯಕ್ಕನ ಎರಡೂ ಕೈ ಹಿಡಿದುಕೊಂಡಳು.

"ಅಕ್ಕಾ, ನೀವು ಎಲ್ಲಿಗೂ ಹೋಗಲ್ಲ. ಹದಿನಾಲ್ಕನೇ ನಿಯಮ ಇದೆ. ಸಂಘ ನಡೀತಿರೋ ಕೋಣೇನ ಪರಿಷತ್ತಿನ ಒಪ್ಪಿಗೆ ಇಲ್ದೆ ಆಡಳಿತದವರು ತಗೊಳ್ಳೋ ಹಾಗಿಲ್ಲ. ನಾವು ಇಲ್ಲಿ ಹೊಲಿಗೆ ಸಂಘ ಮಾಡ್ತೀವಿ!"

"ಯಾರಿಗೆ ಕಣೇ ಹೊಲಿಯೋಕೆ ಬರುತ್ತೆ?"

"ಅದು ಆಮೇಲೆ ಅಕ್ಕಾ. ಮೊದ್ಲು ನಿಯಮಾವಳಿ."

ಏಳು ಜನ ಸಾಕಿತ್ತು, ನಲವತ್ತಮೂರು ಜನ ಸೇರಿದರು. ಅನ್ಯಾಯದ ವಿರುದ್ಧ ನಿಲ್ಲುವ ಅವಕಾಶ ಆ ವಯಸ್ಸಿನಲ್ಲಿ ಯಾರಿಗೆ ಬೇಡ? ಅಷ್ಟೊಂದು ಮಕ್ಕಳು ತನಗಾಗಿ ಬಂದರಲ್ಲ ಎಂದು ಸೂಜಿಯಕ್ಕನ ಕಣ್ಣು ತುಂಬಿತು. ಅವರಿಗೆ ಕುರ್ಚಿ ಹಾಕಲು ಜಾಗ ಬೇಕೆಂದಾಗ ತಾನೇ ಮಿಷನ್ನನ್ನು ತಳ್ಳಿ ಗೋಡೆಗೆ ಒರಗಿಸಿದಳು. ಬಟ್ಟೆ ಕತ್ತರಿಸುವ ಮೇಜು ಅಧ್ಯಕ್ಷೆಯ ಮೇಜಾಯಿತು, ಏಕೆಂದರೆ ಹೊಲಿಗೆ ಸಂಘಕ್ಕೂ ನೂರ ಹದಿನೆಂಟೇ ಅಧ್ಯಕ್ಷೆ.

ಮೊದಲ ಮೀಟಿಂಗಿನಲ್ಲಿ ಸಂಘದ ಲಾಂಛನ ಸೂಜಿಯೋ ಕತ್ತರಿಯೋ ಎಂಬ ಪ್ರಶ್ನೆ ಬಂತು. ಕತ್ತರಿ ಎಂದರೆ ಕತ್ತರಿಸುವುದು, ಅದು ಐಕ್ಯಕ್ಕೆ ಧಕ್ಕೆ ಎಂದು ಒಂದು ಗುಂಪು. ಸೂಜಿ ಚುಚ್ಚುತ್ತದೆ ಎಂದು ಇನ್ನೊಂದು ಗುಂಪು. ಕೊನೆಗೆ ಗುಂಡಿ ಗೆದ್ದಿತು. ಎರಡನೇ ಮೀಟಿಂಗಿನಲ್ಲಿ ದಾರ ಕಾರ್ಯದರ್ಶಿ ಮತ್ತು ಗುಂಡಿ ಕಾರ್ಯದರ್ಶಿಗಳ ಆಯ್ಕೆಯಾಯಿತು. ಅಂದಿನಿಂದ ಡಬ್ಬಿಯ ಮುಚ್ಚಳ ತೆಗೆಯಬೇಕಾದರೆ ಇಬ್ಬರ ಸಹಿ ಬೇಕಾಯಿತು.

ಮೂರನೇ ಮೀಟಿಂಗಿನಲ್ಲಿ, ಯಾರು ಸದಸ್ಯರಾಗಬಹುದು ಎಂಬುದರ ಮೇಲೆ ನಲವತ್ತು ನಿಮಿಷ ವಾದ ನಡೆಯಿತು. ಕ್ವಾರ್ಟರ್ಸಿನಿಂದ ಬರುವ ಮೇಷ್ಟರ ಮಕ್ಕಳು ನುಗ್ಗಿ ಓಟು ಹಾಕಬಾರದೆಂದು ಎಲ್ಲರಿಗೂ ಆತಂಕ. ಅದಕ್ಕಾಗಿ ಬಹಳ ಜಾಣತನದಿಂದ ಒಂದು ವಾಕ್ಯ ಬರೆದರು: "ಹಾಸ್ಟೆಲಿನ ನಂಬರು ಉಳ್ಳ ಯಾರೇ ಆಗಲಿ ಸದಸ್ಯರಾಗಬಹುದು, ನಂಬರು ಇಲ್ಲದವರು ಆಗುವಂತಿಲ್ಲ."

ಆಗ ಯಾರೋ ಮೂಲೆಯಲ್ಲಿ ಹೊಲಿಯುತ್ತಿದ್ದ ಸೂಜಿಯಕ್ಕನನ್ನು ನೋಡಿದರು. ಅವಳಿಗೆ ನಂಬರಿಲ್ಲ. ಸಂಘದ ಸಲಹೆಗಾರರು ಮೇಷ್ಟರೇ ಆಗಿರಬೇಕು, ನಿಯಮಾವಳಿಗೆ ಸಹಿ ಹಾಕಿದ ಭೂಗೋಳದ ಮೇಷ್ಟ್ರು ಆಗಲೇ ಆ ಜಾಗದಲ್ಲಿದ್ದರು. ಹಾಗಾದರೆ ಇವಳು ಏನು? ಬಹಳ ಗೌರವದಿಂದ ಚರ್ಚಿಸಿ, ಅವಳನ್ನು "ಕಾಯಂ ಆಹ್ವಾನಿತೆ" ಎಂದು ಒಮ್ಮತದಿಂದ ಘೋಷಿಸಿದರು. ಆಹ್ವಾನವಿದ್ದಾಗ ಬರಬಹುದು.

"ಅಕ್ಕಾ, ಮಿಷನ್ ಸದ್ದು ಸ್ವಲ್ಪ ಜಾಸ್ತಿ ಆಗ್ತಿದೆ," ಎಂದಳು ಗುಂಡಿ ಕಾರ್ಯದರ್ಶಿ, ಮೆತ್ತಗೆ.

ಸೂಜಿಯಕ್ಕ ಸೂಜಿ ದಾರ ತೆಗೆದುಕೊಂಡು ಹೊರಗೆ ಹೋಗಿ ಮೆಟ್ಟಿಲ ಕೆಳಗಿನ ಬೆಂಚಿನ ಮೇಲೆ ಕೂತಳು. ಆಗಾಗ ಒಳಗಿಂದ ಒಬ್ಬ ಸದಸ್ಯ ಬಂದು, "ಅಕ್ಕಾ, ಒಳಗೆ ನಿಮ್ ಬಗ್ಗೇನೇ ಹೋರಾಟ ನಡೀತಿದೆ. ಇದೊಂದು ಗುಂಡಿ ಹಾಕ್ಕೊಡ್ತೀರಾ? ಬೇಗ, ನಾನು ಭಾಷಣ ಮಾಡ್ಬೇಕು," ಎನ್ನುತ್ತಿದ್ದ. ಅವಳು ಹಾಕಿಕೊಡುತ್ತಿದ್ದಳು.

ಇದನ್ನು ಮನೆಯಲ್ಲಿ ಹೇಳಿದಾಗ ತಂಗಿ ತುತ್ತು ಕೈಯಲ್ಲೇ ಹಿಡಿದು ಕೇಳಿದಳು. "ಅಂದ್ರೆ, ನಿನ್ನ ಕೋಣೆ ಉಳಿಸೋಕೆ ನಿನ್ನನ್ನೇ ಆಚೆ ಕೂರಿಸಿದಾರೆ?"

"ಮಕ್ಕಳು ಕಣೇ. ಮನಸ್ಸು ಒಳ್ಳೇದು."

"ಮನಸ್ಸು ಒಳ್ಳೇದೇ. ನಮ್ಮ ಆಸ್ಪತ್ರೇಲೂ ಎಲ್ಲಾರ ಮನಸ್ಸು ಒಳ್ಳೇದೇ."

ಪರಿಷತ್ತಿನ ಸಭೆಯ ದಿನ ಸಭಾಂಗಣ ತುಂಬಿತ್ತು. ನೂರ ಹದಿನೆಂಟು ಎದ್ದು ನಿಂತು ಹದಿನಾಲ್ಕನೇ ನಿಯಮ ಓದಿದಳು, ಸೂಜಿಯಕ್ಕನ ಇಪ್ಪತ್ತೆರಡು ವರ್ಷಗಳ ಬಗ್ಗೆ ಹೇಳಿದಳು. ಸಂಘದ ಪರ ಹದಿನಾರು ಓಟು, ವಿರುದ್ಧ ಒಂದೂ ಇಲ್ಲ, ಜೆರಾಕ್ಸ್ ಮಿಷನ್ನು ಸೋತಿತು. ಚಪ್ಪಾಳೆಗೆ ಕಿಟಕಿ ಗಾಜುಗಳು ಅದುರಿದವು. ಸೂಜಿಯಕ್ಕ ಬಾಗಿಲ ಬಳಿ ನಿಂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ನಗುತ್ತಲೂ ಅಳುತ್ತಲೂ ಇದ್ದಳು.

ಪ್ರಿನ್ಸಿಪಾಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಠರಾವಿನ ಹಾಳೆಯನ್ನು ತರಿಸಿಕೊಂಡು ಕನ್ನಡಕ ಹಾಕಿ ಓದಿದರು. ಮಕ್ಕಳು ಉತ್ಸಾಹದಲ್ಲಿ ಹೀಗೆ ಬರೆದಿದ್ದರು: "ಇಂದಿನಿಂದ ದುರಸ್ತಿ ಕೋಣೆ ಎಂಬುದು ಇರುವುದಿಲ್ಲ. ಅದು ಹೊಲಿಗೆ ಸಂಘದ ಕಾರ್ಯಾಲಯವಾಗಿದ್ದು, ಅಲ್ಲಿನ ಸಕಲ ಕೆಲಸದ ಹೊಣೆ ಸಂಘದ್ದೇ."

"ಬಹಳ ಸಂತೋಷ," ಎಂದರು ಪ್ರಿನ್ಸಿಪಾಲರು. ಲಾಂಡ್ರಿಯವರಿಗೆ ಹೊಲಿಗೆ ಕೊಡುವ ಗೋಜೂ ತಪ್ಪಿತಲ್ಲ. ದುರಸ್ತಿ ಕೋಣೆಯೇ ಇಲ್ಲವೆಂದ ಮೇಲೆ ಅದರ ಹುದ್ದೆ ಇನ್ನೆಲ್ಲಿಯದು? ಸೋಮವಾರದಿಂದ ಸೂಜಿಯಕ್ಕ ಊಟದ ಹಾಲ್‌ನಲ್ಲಿ ತಟ್ಟೆ ಒರೆಸತೊಡಗಿದಳು. ಸಂಘದವರು ಅವಳಿಗೊಂದು ಪ್ರಶಸ್ತಿಪತ್ರ ಕೊಟ್ಟರು. ಅದರ ಮೇಲೆ ಬಣ್ಣದ ಗುಂಡಿಯ ಚಿತ್ರವಿತ್ತು.

ನೂರ ಹದಿನೆಂಟಿಗೆ ವಿಷಯ ತಿಳಿದಾಗ ಮುಖ ಬಿಳುಚಿಕೊಂಡಿತು. "ಅಕ್ಕಾ, ಒಂದು ಉಪಸಮಿತಿ ಮಾಡಿ ಪರಿಶೀಲಿಸ್ತೀವಿ," ಎಂದಳು. ಬೇರೆ ಏನು ಮಾಡಬೇಕೆಂದು ಪಾಪ ಅವಳಿಗೆ ಯಾರೂ ಕಲಿಸಿರಲಿಲ್ಲ.

ಎರಡು ವಾರ ಕಳೆಯಿತು. ತಟ್ಟೆಗೆ ಕೈಚಾಚುವ ಸಾಲಿನಲ್ಲಿ ಸೂಜಿಯಕ್ಕನಿಗೆ ಮುಖಗಳು ಕಾಣುತ್ತಿರಲಿಲ್ಲ, ತೋಳುಗಳು ಕಾಣುತ್ತಿದ್ದವು. ಐವತ್ತಾರರ ಮೊಣಕೈ ಹರಿದಿದೆ. ಇನ್ನೂರ ಮೂರು ಅಂಗಿಗೆ ಪಿನ್ನು ಚುಚ್ಚಿಕೊಂಡಿದ್ದಾನೆ, ಯಾವತ್ತೋ ಹೊಟ್ಟೆಗೆ ಚುಚ್ಚೀತು. ಒದ್ದೆ ಬಟ್ಟೆ ಹಿಡಿದ ಬೆರಳುಗಳು ಸೂಜಿಗಾಗಿ ತುಡಿಯುತ್ತಿದ್ದವು. ಅವಳಿಗೆ ಸಿಟ್ಟು ಬಂತು. ಪ್ರಿನ್ಸಿಪಾಲರ ಮೇಲಲ್ಲ, ಮಕ್ಕಳ ಮೇಲೂ ಅಲ್ಲ, ಹೋಗು ಎಂದ ಕಡೆಗೆಲ್ಲ ಎದ್ದು ಹೋದ ತನ್ನ ಮೇಲೆ.

ಶುಕ್ರವಾರ ಮನೆಯಲ್ಲಿ ಕೂತು ನಿಯಮಾವಳಿಯ ಆ ಜಾಣ ವಾಕ್ಯವನ್ನು ತಂಗಿಗೆ ಒಪ್ಪಿಸಿದಳು. ಮೂಲೆಯಲ್ಲೂ ಬೆಂಚಿನ ಮೇಲೂ ಕೂತು ಕೇಳಿದ್ದು ಅಷ್ಟೂ ನೆನಪಿತ್ತು.

"ನಂಬರು ಇದ್ದೋರು ಯಾರಾದ್ರೂ ಸರಿ ಅಂತಾನಾ?" ತಂಗಿ ಕೇಳಿದಳು. "ನಂಬರು ಹಾಕೋರು ಯಾರು?"

"ನಾನು."

"ಮತ್ತೇನು ನನ್ನ ಮುಖ ನೋಡ್ತೀಯಾ? ದಾರದ ಡಬ್ಬಿ ಎಲ್ಲಿದೆ?"

ಶನಿವಾರ ಮಧ್ಯಾಹ್ನ ತಟ್ಟೆಗಳನ್ನೆಲ್ಲ ಜೋಡಿಸಿ, ಸೂಜಿಯಕ್ಕ ಹೊಲಿಗೆ ಸಂಘದ ಬಾಗಿಲು ತಟ್ಟಿದಳು. ಏಪ್ರನ್ನಿನ ಕತ್ತುಪಟ್ಟಿಯನ್ನು ಮಡಚಿ ತೋರಿಸಿದಳು. ಅಲ್ಲಿ ಕೆಂಪು ದಾರದಲ್ಲಿ, ಒಂದು ಎಳೆಯೂ ಆಚೀಚೆ ಹೋಗದಂತೆ, ಇನ್ನೂರ ನಲವತ್ತೊಂದು ಎಂದು ಹೊಲಿದಿತ್ತು.

"ಸದಸ್ಯೆ ಆಗೋಕೆ ಬಂದಿದೀನಿ," ಎಂದಳು.

ನಲವತ್ತಮೂರು ಜನ ನಿಯಮಾವಳಿಯನ್ನು ಹಿಂದೆ ಮುಂದೆ ತಿರುವಿ ಹಾಕಿದರು. ಸ್ಪಷ್ಟ ಅಕ್ಷರಗಳಲ್ಲಿ "ಯಾರೇ ಆಗಲಿ" ಎಂದಿತ್ತು. ಅದು ಆಫೀಸು ಕೊಟ್ಟ ನಂಬರಲ್ಲ ಎಂದು ಒಬ್ಬ ತಕರಾರು ತೆಗೆದ. "ನಿನ್ನದು ಆಫೀಸು ಕೊಟ್ಟಿದ್ದೇನೋ, ನೂರ ಅರವತ್ತೇಳು?" ಎಂದು ಅವಳು ಕೇಳಿದ ಮೇಲೆ ಅವನು ಕೂತ. ಭೂಗೋಳದ ಮೇಷ್ಟ್ರು ಕಿಟಕಿಯಾಚೆ ತಿರುಗಿ ನಗು ತಡೆದುಕೊಂಡರು. ಗುಂಡಿ ಕಾರ್ಯದರ್ಶಿ ಹಾಜರಿ ಕೂಗಿದಳು. ಕೊನೆಗೆ, ತಡವರಿಸುತ್ತ, "ಇನ್ನೂರ ನಲವತ್ತೊಂದು?"

"ಹಾಜರ್!" ಎಂದಳು ಸೂಜಿಯಕ್ಕ, ತುಸು ಜೋರಾಗಿಯೇ.

ಅಂದಿನ ಒಂದೇ ವಿಷಯವೆಂದರೆ ಮೂಲೆಯಲ್ಲಿ ಬಿದ್ದಿದ್ದ ಅರವತ್ತೊಂದು ಹರಿದ ಬಟ್ಟೆಗಳು. ಮೂರು ಮೀಟಿಂಗಿನಿಂದ ಅವು ಮುಂದೂಡಲ್ಪಡುತ್ತಿದ್ದವು.

"ಯಾರು ವಹಿಸ್ಕೊಳ್ತೀರಾ?" ಅಧ್ಯಕ್ಷೆ ಕೇಳಿದಳು. ಹಿಂದಿನ ಸಾಲಿನಲ್ಲಿ ಒಂದೇ ಒಂದು ಕೈ ಮೇಲೆದ್ದಿತು. ಅದು ಯಾರದೆಂದು ಹೇಳಬೇಕಿಲ್ಲ. ನೀವು ಬೇಕಿದ್ದರೆ ನಗಿ: ಸಂಬಳಕ್ಕೆ ಮಾಡುತ್ತಿದ್ದ ಕೆಲಸವನ್ನು ಬಿಟ್ಟಿಯಾಗಿ ಮಾಡಲು ಆ ಹೆಂಗಸು ಇಷ್ಟೆಲ್ಲ ಪಾಡುಪಟ್ಟು ಬಂದಿದ್ದಳು. ಅವಳಿಗೆ ಮಾತ್ರ ಎದೆ ಹೊಡೆದುಕೊಳ್ಳುವಷ್ಟು ಖುಷಿಯಾಗಿತ್ತು.

"ಸದಸ್ಯೆ ಇನ್ನೂರ ನಲವತ್ತೊಂದು ಅವರಿಗೆ ವಹಿಸಲಾಯಿತು," ಎಂದು ಕಾರ್ಯದರ್ಶಿ ಬರೆದುಕೊಳ್ಳತೊಡಗಿದಳು.

"ತಡೀರಿ," ಎಂದಳು ಸೂಜಿಯಕ್ಕ. "ಒಬ್ರಿಗೇ ವಹಿಸೋ ಹಾಗಿಲ್ವಲ್ಲ? ಒಂಬತ್ತನೇ ನಿಯಮ. ಇಬ್ರು ಬೇಕು." ಅವಳು ಅಧ್ಯಕ್ಷೆಯನ್ನೇ ನೋಡಿದಳು. "ನೂರ ಹದಿನೆಂಟರ ಹೆಸರು ಸೂಚಿಸ್ತೀನಿ."

ಅನುಮೋದಿಸಲು ನಲವತ್ತೆರಡು ಕೈಗಳು ಒಂದೇ ಸಲ ಎದ್ದವು. ಸಂಘದ ಇತಿಹಾಸದಲ್ಲೇ ಇಷ್ಟು ಬೇಗ ಯಾವ ಠರಾವೂ ಪಾಸಾಗಿರಲಿಲ್ಲ.

"ಮೀಟಿಂಗು ಮುಗೀತಲ್ಲ? ಹಾಗಾದ್ರೆ ನನ್ನ ಮೇಜು ಖಾಲಿ ಮಾಡಿ," ಎಂದಳು ಸೂಜಿಯಕ್ಕ. ಎಲ್ಲರೂ ಕುರ್ಚಿ ಎತ್ತಿಕೊಂಡು ಹೋದರು. ಅವಳು ಮಿಷನ್ನನ್ನು ಕಿಟಕಿಯ ಬಳಿಗೆ ಎಳೆದು, ಯಾರ ಸಹಿಯೂ ಇಲ್ಲದೆ ಡಬ್ಬಿಯ ಮುಚ್ಚಳ ತೆಗೆದು, ಅಧ್ಯಕ್ಷೆಯ ಕೈಗೆ ಸೂಜಿ ಕೊಟ್ಟಳು.

ಹುಡುಗಿ ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಏರಿಸಲು ನೋಡಿದಳು. ಆಗಲಿಲ್ಲ. ಇನ್ನೊಮ್ಮೆ ನೋಡಿದಳು. ಐದನೇ ಸಲಕ್ಕೆ ಅವಳ ಕಣ್ಣಲ್ಲಿ ನೀರು ತುಂಬಿ ಸೂಜಿಯ ಕಣ್ಣೇ ಕಾಣದಾಯಿತು.

"ಅಕ್ಕಾ, ಆ ಠರಾವು ಬರೆದಿದ್ದು ನಾನೇ," ಎಂದಳು.

"ಗೊತ್ತು ಕಣೇ. ಕಣ್ಣು ಒರೆಸ್ಕೋ, ಬೆಳಕಿನ ಕಡೆ ತಿರುಗು," ಎಂದಳು ಸೂಜಿಯಕ್ಕ. "ಇನ್ನೂ ಅರವತ್ತೊಂದಿದೆ."